ಕೆಂಪುಕಣದ ಗಾತ್ರ

ಛಂದಸ್ಸಿನಲ್ಲಿ ಅಕ್ಷರಗಳನ್ನು ಎಣಿಸಿದರೆ ಸಾಲದು, ಲಘು ಗುರುಗಳನ್ನೂ ನೋಡಬೇಕು. ವಾಚಕರೇ, ರಕ್ತಪರೀಕ್ಷೆಯಲ್ಲಿಯೂ ಹಾಗೆಯೇ. ಕಣಗಳ ಸಂಖ್ಯೆ ರಕ್ತಹೀನತೆ ಉಂಟೆಂದು ತಿಳಿಸೀತು. ಅದರ ಕಾರಣವನ್ನು ಸೂಚಿಸುವುದು ಹಲವು ವೇಳೆ ಕಣದ ಗಾತ್ರ.

1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಭಾರತಕ್ಕೆ ಬಂದರು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರನ್ನು ಆಗ ತೀವ್ರ ರಕ್ತಹೀನತೆ ಕಾಡುತ್ತಿತ್ತು. ಕಬ್ಬಿಣದ ಕೊರತೆಯಾದರೆ ಕೆಂಪುಕಣಗಳು ಕಿರಿದಾಗಿ ಬಿಳಿಚಿಕೊಳ್ಳುತ್ತವೆ. ಈ ತಾಯಂದಿರ ಕಣಗಳಾದರೋ ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ಹಿರಿದು! ಹಾಗಾದರೆ ಕೊರತೆಯೂ ಬೇರೆಯೇ ಇರಬೇಕು. ವಿಲ್ಸ್ ಅವರ ಊಟವನ್ನು ಪರಿಶೀಲಿಸಿದರು. ಯೀಸ್ಟಿನ ಸಾರವಾದ ಮಾರ್ಮೈಟನ್ನು ಕೊಟ್ಟು ನೋಡಿದರು. ರೋಗಿಗಳು ಚೇತರಿಸಿಕೊಂಡರು. ಈ ಸಂಗತಿ 1931ರಲ್ಲಿ ಪ್ರಕಟವಾಯಿತು.

ಆ ಸಾರದೊಳಗಿದ್ದ ಜೀವಸತ್ವವೇ ಫೋಲಿಕ್ ಆಮ್ಲ. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದರು. 1945ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿದ ಅಮೆರಿಕದ ತಂಡದ ಮುಂದಾಳು ನಮ್ಮ ನೆರೆಯ ಆಂಧ್ರದವರಾದ ಯಲ್ಲಾಪ್ರಗಡ ಸುಬ್ಬರಾವ್.

ಇಂದು ಕಣದ ಗಾತ್ರವನ್ನು ಯಂತ್ರವೇ ಅಳೆಯುತ್ತದೆ. ಪರೀಕ್ಷೆಯ ಚೀಟಿಯಲ್ಲಿ ‘ಎಂ.ಸಿ.ವಿ.’ ಎಂಬ ಸಾಲು ಅದೇ. ವಯಸ್ಕರಲ್ಲಿ ಸಾಮಾನ್ಯವಾಗಿ 80ರಿಂದ 100. ಮನೆಯಲ್ಲಿ ಯಾರಿಗಾದರೂ ರಕ್ತ ಕಡಿಮೆಯೆಂದು ತಿಳಿದಾಗ, ಕಬ್ಬಿಣದ ಗುಳಿಗೆಯನ್ನು ತಾವಾಗಿಯೇ ಕೊಡುವ ಮೊದಲು ಆ ಸಾಲು ಏನು ಹೇಳುತ್ತದೆಂದು ವೈದ್ಯರನ್ನು ಕೇಳಿರಿ.