ಗಡುವಿಟ್ಟ ಮರಣ

ಇಂತಹ ದಿನ ಅಂತ್ಯವೆಂದು ತಿಥಿ ಗೊತ್ತುಮಾಡಿಸಿಕೊಂಡು, ಅದನ್ನು ಒಮ್ಮೆ ಮುಂದೂಡಿಸಿಕೊಂಡು, ಕೊನೆಗೆ ಕಣ್ಣುಮುಚ್ಚಿದ ಭಾಷೆಯೊಂದುಂಟು. ಅದು ಗಣಕಯಂತ್ರಕ್ಕೆ ಆಜ್ಞೆ ಬರೆಯುವ ಪೈಥಾನ್ ಭಾಷೆಯ ಎರಡನೆಯ ಆವೃತ್ತಿ. ಕನ್ನಡ ಮೇಷ್ಟರಿಗೆ ಇದರ ಗೊಡವೆ ಏಕೆಂದು ವಾಚಕರು ಕೇಳಬಹುದು. ಆ ಮರಣದ ಹಿಂದೆ ಅಕ್ಷರದ ವ್ಯಾಜ್ಯವೊಂದಿತ್ತು. ಅದರಲ್ಲಿ ಕನ್ನಡವೂ ಒಬ್ಬ ಕಕ್ಷಿಗಾರ.

ಹಾಲೆಂಡಿನ ಗೀಡೊ ವಾನ್ ರೋಸಮ್ ಅವರು 1991ರಲ್ಲಿ ಪೈಥಾನನ್ನು ಹೊರತಂದರು. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. 2000ದಲ್ಲಿ ಬಂದ ಎರಡನೆಯ ಆವೃತ್ತಿ ಸಾಮಾನ್ಯವಾಗಿ ಅಕ್ಷರಗಳನ್ನಲ್ಲ, ಅವನ್ನು ತುಂಬಿಡುವ ಬೈಟುಗಳನ್ನು ಎಣಿಸುತ್ತಿತ್ತು. ರೋಮನ್ ಲಿಪಿಗೆ ಅಕ್ಷರಕ್ಕೊಂದು ಬೈಟು ಸಾಕು. ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಗುರುತಿಗೂ ಮೂರು ಬೇಕು. ಆದ್ದರಿಂದ ‘ಕನ್ನಡ’ ಎಂಬುದರ ಉದ್ದವೆಷ್ಟೆಂದರೆ 15 ಎನ್ನುತ್ತಿತ್ತು. ಯೂನಿಕೋಡಿಗೆ ಬೇರೊಂದು ಏರ್ಪಾಡಿತ್ತು, ನಿಜ. ಆದರೆ ಎರಡನ್ನೂ ಬೆರೆಸಿದರೆ ಕೆಲಸ ಮುಗ್ಗರಿಸುತ್ತಿತ್ತು. 2008ರ ಡಿಸೆಂಬರಿನಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಬರಹವೆಲ್ಲ ಯೂನಿಕೋಡೇ. ಅದು ಹೇಳುವ ಉತ್ತರ 5. (ಒತ್ತಕ್ಷರ ಕೂಡಿಸುವ ಗುರುತನ್ನೂ ಅದು ಎಣಿಸುತ್ತದೆ. ನಮ್ಮ ಛಂದಸ್ಸಿಗೆ ಮೂರೇ ಅಕ್ಷರ, ಇರಲಿ.)

ಆದರೆ ಹಳೆಯದಕ್ಕೆ ಬರೆದದ್ದು ಬಹುಮಟ್ಟಿಗೆ ಹೊಸದರಲ್ಲಿ ತಿದ್ದದೆ ನಡೆಯದು. 2015ಕ್ಕೆ ಹಳೆಯದರ ಆರೈಕೆ ನಿಲ್ಲಿಸುವುದೆಂದು ಪಾಲಕರು ಸಾರಿದ್ದರು. ಜನ ಕದಲಲಿಲ್ಲ. 2014ರಲ್ಲಿ ಗಡುವು 2020ಕ್ಕೆ ಹೋಯಿತು. ಇದನ್ನು ಉದಾಸೀನವೆಂದು ಹಳಿಯಲಾರೆ; ನಡೆಯುತ್ತಿರುವ ಗಾಣವನ್ನು ಬಿಚ್ಚುವವರಾರು? ಪಾಲಕರ ಕಷ್ಟವೂ ಸಣ್ಣದಲ್ಲ. ಅವರಲ್ಲಿ ಹಲವರು ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುವವರು. ಹಳೆಯದಕ್ಕೆ ತೇಪೆ ಹಾಕಿದಷ್ಟು ಹೊತ್ತು ಹೊಸದಕ್ಕೆ ನಷ್ಟ. 2020ರ ಜನವರಿ 1ಕ್ಕೆ ಆರೈಕೆ ಮುಗಿಯಿತು. ಏಪ್ರಿಲಿನಲ್ಲಿ 2.7.18 ಎಂಬ ಕಟ್ಟಕಡೆಯ ಬಿಡುಗಡೆ ಬಂದಿತು.

ಮರಣವೆಂದೆನಲ್ಲ, ಹಳೆಯ ಬರಹಗಳು ಮರುದಿನವೂ ಓಡಿದವು. ಕಳ್ಳ ನುಗ್ಗುವ ಸಂದಿ ಕಂಡರೆ ಮುಚ್ಚುವವರಿಲ್ಲ, ಅಷ್ಟೆ. ಹಣ ತೆರುವವರಿಗೆ ಬೇರೆ ದಾರಿಯಿತ್ತು: ರೆಡ್ ಹ್ಯಾಟ್ ಕಂಪನಿ ತನ್ನ ಲಿನಕ್ಸ್ 8ರ ಗ್ರಾಹಕರಿಗೆ 2024ರ ಜೂನ್‌ವರೆಗೆ 2.7ನ್ನು ಕಾಪಾಡಿಕೊಟ್ಟಿತು. ಮೂಲ ತೆರೆದಿದೆಯೆಂದರೆ ಯಾರು ಬೇಕಾದರೂ ಸಲಹಬಹುದೆಂದು ಅರ್ಥ, ಯಾರಾದರೊಬ್ಬರು ಸಲಹುತ್ತಾರೆಂದಲ್ಲ. ಈ ಅಂತರ ನನಗೆ ತಡವಾಗಿ ತಿಳಿಯಿತು.

ಹಳಗನ್ನಡ ಕಾವ್ಯಗಳಿಗೆ ಪದಸೂಚಿ ಸಿದ್ಧಪಡಿಸಲು ಶಿಷ್ಯನೊಬ್ಬ ಎಂದೋ ಬರೆದುಕೊಟ್ಟಿದ್ದುದು ಎರಡನೆಯ ಪೈಥಾನಿನಲ್ಲಿತ್ತು. ಹೊಸ ಯಂತ್ರದಲ್ಲಿ ‘ಮುದ್ರಿಸು’ ಎಂಬ ಮೊದಲ ಆಜ್ಞೆಯಲ್ಲೇ ಅದು ನಿಂತುಬಿಟ್ಟಿತು. ಹೊಸ ವ್ಯಾಕರಣದಲ್ಲಿ ಅದಕ್ಕೆ ಕಂಸ ಬೇಕಂತೆ. ಶಿಷ್ಯ ಈಗ ದೂರದ ಊರಿನಲ್ಲಿದ್ದಾನೆ. ಎರಡು ಸಂಜೆ ಕುಳಿತು ಕಂಸಗಳನ್ನು ನಾನೇ ಹಾಕಿದ್ದೇನೆ. ಇನ್ನು ನಾಲ್ಕು ದೋಷಗಳು ಉಳಿದಿವೆ.