ಗೇಣಿ ಹಪ್ಪಳ

ನನ್ನ ತಂದೆ 1944ರಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಹೊರಟಾಗ ಅವರಿಗೆ ಹನ್ನೆರಡು ವರ್ಷ. ಹಗಲು ಹೋಟೆಲಿನಲ್ಲಿ ಲೋಟ ತೊಳೆಯುವುದು, ರಾತ್ರಿ ಶಾಲೆಯಲ್ಲಿ ಓದುವುದು. ಕರಾವಳಿಯ ಎಷ್ಟೋ ಮನೆಗಳ ಕತೆ ಇದೇ. 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ರಾಮ ನಾಯಕರ ಹೆಸರು ಎಲ್ಲರಿಗೂ ಗೊತ್ತು. ಅಷ್ಟೆತ್ತರ ಏರದವರೇ ಹೆಚ್ಚು.

ಊರಿನ ಗದ್ದೆಯನ್ನು ಗೇಣಿಗೆ ಕೊಟ್ಟಿದ್ದರು. 1974ರ ಮಾರ್ಚ್ 1ರಿಂದ ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿ, ಡಿಕ್ಲರೇಷನ್ ಹಾಕಿದ ಒಕ್ಕಲುಗಳಿಗೆ ಒಡೆತನ ಸಿಗುವಂತಾಯಿತು. ನಮ್ಮದೂ ಹೋಯಿತು. ತಂದೆ ಎರಡು ದಿನ ಮಾತಾಡಲಿಲ್ಲ. ಅಮ್ಮ ಮಾತ್ರ, "ಕೆಸರಲ್ಲಿ ನಿಂತವರು ಅವರು, ಕೂತು ಅಕ್ಕಿ ತಿಂದವರು ನಾವು" ಅಂದುಬಿಟ್ಟರು. ಮನೆ, ಹಿತ್ತಿಲು ಉಳಿದವು.

ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಆ ವರ್ಷವೇ ನನ್ನವರ ಕಂಪೆನಿ ಮುಚ್ಚಿ, ನಾವಿಬ್ಬರೂ ಅದೇ ರೈಲಿನಲ್ಲಿ ಊರಿಗೆ ಬಂದೆವು. ಹೋಟೆಲ್ ಹಾಕಿ ಎಂದರು ನೆಂಟರು. ಹೋಟೆಲೆಂದರೆ ನನಗೆ ತಂದೆಯ ನೀರು ತಿಂದ ಬೆರಳುಗಳೇ ಕಣ್ಣಮುಂದೆ. ಹಿತ್ತಿಲಲ್ಲಿ ನಾಲ್ಕು ಹಲಸಿನ ಮರಗಳಿದ್ದವು. ಹಪ್ಪಳ ಮಾಡೋಣ ಎಂದೆ.

ಮುಂಬಯಿಯಲ್ಲಿ ಬೆಳೆದವಳಿಗೆ ಹಪ್ಪಳ ತಿನ್ನಲು ಗೊತ್ತು, ಮಾಡಲು ಗೊತ್ತೇ? ಮೊದಲ ಸಲ ಹಪ್ಪಳ ಸಿಹಿಯಾಗಿ, ಎಣ್ಣೆಗೆ ಬಿಟ್ಟೊಡನೆ ಕಪ್ಪಾಯಿತು. ಎರಡನೆಯ ಸಲ ಮಳೆ ಬಂದು ಚಾಪೆ ಸಮೇತ ತೋಯಿಸಿತು. ಕೈತುಂಬ ಮೇಣ, ತಂದ ದುಡ್ಡು ಅರ್ಧ ಖಾಲಿ.

ಆಗ ಬೇಲಿಯಾಚೆಯಿಂದ ಬಂದವಳು ನಮ್ಮ ಹಳೆಯ ಒಕ್ಕಲಿನ ಸೊಸೆ. ಕಾಯಿ ತಟ್ಟಿ ನೋಡಿ, "ಅಕ್ಕಾ, ಇದು ಹಣ್ಣಿಗೆ ತಿರುಗಿದೆ. ಹಪ್ಪಳಕ್ಕೆ ಬಲಿತ ಕಾಯಿಯೇ ಬೇಕು" ಎಂದಳು. ಸೊಳೆ ಬೇಯಿಸಿ, ಬಿಸಿಯಿರುವಾಗಲೇ ಉಪ್ಪು, ಮೆಣಸು, ಜೀರಿಗೆ ಸೇರಿಸಿ ಗುದ್ದುವುದು, ಉಂಡೆಗೆ ಎಣ್ಣೆ ಸವರಿ ಮಣೆಯಿಂದ ಒತ್ತುವುದು, ಎಲ್ಲ ಅವಳೇ ಕಲಿಸಿದಳು.

ಒಣಗಿಸುವುದೆಲ್ಲಿ? ನಮ್ಮ ಅಂಗಳದ ತುಂಬ ಮರದ ನೆರಳು. ಅವಳ ಗದ್ದೆ, ಅಂದರೆ ನಮ್ಮ ಹಳೆಯ ಗದ್ದೆ, ಕೊಯ್ಲಾಗಿ ಖಾಲಿ ಬಿದ್ದಿತ್ತು. ಬಾಡಿಗೆ ಎಷ್ಟೆಂದು ಕೇಳಿದೆ. ನಕ್ಕಳು. "ಗೇಣಿ ಕೊಡಿ ಅಕ್ಕಾ."

ತಮಾಷೆಯೋ ನಿಜವೋ ನನಗೆ ತಿಳಿಯಲಿಲ್ಲ. ನೂರಕ್ಕೆ ಹತ್ತು ಹಪ್ಪಳದಂತೆ ಎಣಿಸಿ ಅವಳ ಮನೆಗೆ ಕಳಿಸಿದೆ, ವಾಪಸು ಬರಲಿಲ್ಲ. ಫೋನಿನಲ್ಲಿ ತಂದೆಗೆ ಹೇಳಿದಾಗ ಅವರು ತುಸು ಹೊತ್ತು ಸುಮ್ಮನಿದ್ದು, "ಲೆಕ್ಕ ಸರಿಯಾಗಿ ಕೊಡು" ಎಂದರು.