ಮಡ್ಡಿ ಹೊಲದ ಒಡ್ಡು

ಹುಕ್ಕೇರಿ ತಾಲೂಕಿನ ನೀರಾವರಿ ಎಂದೊಡನೆ ಎಲ್ಲರಿಗೂ ಹಿಡಕಲ್ ನೆನಪಾಗುತ್ತದೆ. ವಂಟಮುರಿಯ ರಾಜಾ ಲಖಮಗೌಡರ ಹೆಸರು ಹೊತ್ತ ಆ ಜಲಾಶಯ 51 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಅದಕ್ಕೂ ಮೊದಲೇ ಬ್ರಿಟಿಷರ ಕಾಲದಲ್ಲಿ ಧೂಪದಾಳದ ಬಳಿ ಘಟಪ್ರಭೆಗೆ ಅಡ್ಡಗಟ್ಟಿ ಕಾಲುವೆ ತೆಗೆದಿದ್ದರು. ಆದರೆ ಕಾಲುವೆಯ ನೀರು ಇಳಿಜಾರು ಬಿಟ್ಟು ಮೇಲೆ ಹತ್ತುವುದಿಲ್ಲ. ನಮ್ಮ ಮಡ್ಡಿ ಹೊಲ ಇದ್ದದ್ದೇ ಮೇಲೆ.

ಈ ಭಾಗ ಮುಂಬಯಿ ಪ್ರಾಂತದಲ್ಲಿದ್ದಾಗ, 1942ರ ಭೂಸುಧಾರಣಾ ಯೋಜನೆಗಳ ಕಾನೂನಿನಂತೆ ಸಮಪಾತಳಿ ಒಡ್ಡುಗಳನ್ನು ಹಾಕಿಸುವ ಕೆಲಸ ನಡೆಯಿತು. ಅವು ಮಣ್ಣು ಕೊಚ್ಚದಂತೆ ತಡೆಯುತ್ತಿದ್ದವು, ನೀರು ಕೂಡಿಡುತ್ತಿರಲಿಲ್ಲ. ನಮ್ಮಜ್ಜ ಹಾಕಿಸಿದ್ದು ಬೇರೆ. ಹೊಲದೊಳಗಿನ ಸಣ್ಣ ಹಳ್ಳಕ್ಕೆ ಅಡ್ಡಲಾಗಿ, ನಡುವೆ ಜಿಗುಟು ಮಣ್ಣು ತುಂಬಿ ತುಳಿಸಿ, ಮೇಲೆ ಗರಸು ಹಾಕಿದ ಸ್ವಂತದ ಒಡ್ಡು. ಅದರ ನೀರನ್ನು ಪೈರಿಗೆ ನೇರವಾಗಿ ಹಾಯಿಸಿದ್ದು ಕಡಿಮೆ. ನಿಂತ ನೀರು ಇಂಗಿ ಕೆಳಗಿನ ಬಾವಿಗಳಿಗೆ ಸೆಲೆಯಾಗುತ್ತಿತ್ತು. ನೀರು ಸರಿದಂತೆಲ್ಲ ಹಸಿ ನೆಲದಲ್ಲಿ ಹಿಂಗಾರಿ ಕಡಲೆ ಬಿತ್ತುತ್ತಿದ್ದೆವು. ಬೇಸಿಗೆಯಲ್ಲಿ ತಳದ ಹೂಳು ಚಕ್ಕಡಿಯೇರಿ ಹೊಲಕ್ಕೆ ಹೋಗುತ್ತಿತ್ತು. ಗೊಬ್ಬರಕ್ಕೆ ದುಡ್ಡು ಕೊಡುವ ಕಾಲವಲ್ಲ ಅದು.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಒಂದು ರಾತ್ರಿ ಅಡ್ಡಮಳೆ ಹೊಡೆಯಿತು. ಕೋಡಿಯ ಬಾಯಿಯಲ್ಲಿ ಜಾಲಿಕಂಟಿ ಬೆಳೆದು ಹೂಳು ಕಟ್ಟಿತ್ತು. ಹೆಚ್ಚಾದ ನೀರಿಗೆ ಹೋಗಲು ದಾರಿಯಿಲ್ಲದೆ ಒಡ್ಡಿನ ತಲೆಯ ಮೇಲೆ ಹಾಯಿತು. ಮಣ್ಣಿನ ಒಡ್ಡಿಗೆ ಅದಕ್ಕಿಂತ ದೊಡ್ಡ ಕೇಡಿಲ್ಲ. ಬೆಳಗಾಗುವುದರೊಳಗೆ ನಡುವೆ ಬಾಯಿ ಬಿಟ್ಟಿತ್ತು. ಕೆಳಗಿನ ಹೊಲದ ಕಾಕಾ ಬಂದು ಬಹಳ ಹೊತ್ತು ನಿಂತರು. "ಎಣ್ಣಾ, ನೀರ ನಿಂದ ಹೋತು, ಮಣ್ಣ ನಂದ ಹೋತು," ಎಂದರು. ಅಜ್ಜ ಎದುರು ಮಾತಾಡಲಿಲ್ಲ. ಕೋಡಿ ಹಸನು ಮಾಡಿಸದ ತಪ್ಪು ನಮ್ಮದೇ ಆಗಿತ್ತು. ಆ ಬೇಸಿಗೆ ನಮ್ಮ ಹೂಳೆಲ್ಲ ಕಾಕಾನ ಹೊಲಕ್ಕೇ ಹೋಯಿತು. ಹೊಸ ಒಡ್ಡಿಗೆ ಕಲ್ಲು ಕಟ್ಟಿದ ಅಗಲವಾದ ಕೋಡಿ ಬಂತು. ಅದರ ಜಾಗ ತೋರಿಸಿದವರು ಕಾಕಾನೇ.

ಮುಂದೆ ಕೊಳವೆಬಾವಿಗಳು ಬಂದವು, ಕಬ್ಬು ಬಂತು. "ಒಡ್ಡ ಕೆಡವಿದರ ಅರ್ಧ ಎಕರೆ ಸಿಗತೈತಿ," ಎಂದು ನನ್ನ ತಮ್ಮನೇ ವಾದ ಹೂಡಿದ. ಲೆಕ್ಕ ತಪ್ಪಲ್ಲ; ಆದರೆ ಆ ಲೆಕ್ಕದಲ್ಲಿ ಕೆಳಗಿನ ಬಾವಿಗಳಿರಲಿಲ್ಲ. ಒಂದು ಬೇಸಿಗೆ ನಮ್ಮ ಕೊಳವೆಬಾವಿ ನಿಂತಿತು. ಕಾಕಾನ ಮಕ್ಕಳು ತಮ್ಮ ತೆರೆದ ಬಾವಿಯಿಂದ ನಮ್ಮ ದನಗಳಿಗೆ ನೀರು ಬಿಟ್ಟರು. ಕೆಡವುವ ಮಾತು ಆಮೇಲೆ ಬಂದಿಲ್ಲ. ಈ ಸಲ ಮಿರಗಕ್ಕೆ ಮೊದಲೇ ಎರಡೂ ಮನೆಯವರು ಸೇರಿ ಕೋಡಿಯ ಕಂಟಿ ಕಡಿದೆವು.